ಕಡಲಹಕ್ಕಿಗೆ ಮೂರು ಗಂಟೆ: ಭಾಟ್ಕಾರರನ್ನು ಒಪ್ಪಿಸುವುದು ಹೇಗೆ?

ಗೋವೆಯ ಶಾಪೋರಾ ನದಿ ಸಮುದ್ರ ಸೇರುವ ಮೋರ್ಜಿಂನ ಮರಳಿನಲ್ಲಿ ಚಳಿಗಾಲವಿಡೀ ಕಡಲಕಾಗೆ, ರೀವ, ಪ್ಲೋವರ್‌ಗಳಿರುತ್ತವೆ. ಭರತ ಏರಿ ಮೇವಿನ ಜಾಗ ಮುಳುಗಿದಾಗ ಎಲ್ಲವೂ ಒಣಮರಳಿಗೆ ಬಂದು ಒತ್ತೊತ್ತಾಗಿ ನಿಂತು ದಣಿವಾರಿಸಿಕೊಳ್ಳುತ್ತವೆ. ಪ್ರವಾಸಿಗರು, ನಾಯಿಗಳು ನುಗ್ಗುವುದೂ ಅದೇ ಹೊತ್ತಿಗೆ. ಮರಳು ಸರ್ಕಾರದ್ದಾದರೂ ಅಲ್ಲಿಗೆ ಇಳಿಯುವ ಕಾಲುದಾರಿ, ವಾಹನ ನಿಲ್ಲಿಸುವ ಬಯಲು ಹೆಚ್ಚಾಗಿ ಖಾಸಗಿಯವರದು ಅಥವಾ ಊರಿನ ಸಾಮೂಹಿಕ ಜಮೀನು ನೋಡಿಕೊಳ್ಳುವ ಕೊಮುನಿದಾದ್‌ನದು. ಭರತದ ಹೊತ್ತಿಗೆ ಆ ದಾರಿಗೆ ಹಗ್ಗ ಕಟ್ಟಿ ಹಕ್ಕಿಗಳನ್ನು ನೆಮ್ಮದಿಯಾಗಿ ಬಿಡಬೇಕೆಂದರೆ ಅವರ ಒಪ್ಪಿಗೆ ಬೇಕು. ಆ ಭೂಮಾಲೀಕರನ್ನು, ಅಂದರೆ ಗೋವೆಯ ಭಾಟ್ಕಾರರನ್ನು, ಒಲಿಸಲು ಹೋಗಿ ಕೆಲಸ ಕೆಡಿಸಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ.

ಮೊದಲು ಸರ್ವೆ ನಂಬರ್ ಹಿಡಿದು ಗೋವೆಯ ಪಹಣಿಯಾದ ‘ಒಂದು-ಹದಿನಾಲ್ಕು’ ನಮೂನೆಯಲ್ಲಿ ಯಾರ ಹೆಸರಿದೆ ನೋಡಿ. ಹತ್ತು ಹೆಸರಿದ್ದರೆ ಊರಲ್ಲೇ ಇರುವವರು ಯಾರೆಂದು ಕೇಳಿ. ಆಮೇಲೆ ಎರಡು ವಾರ, ಹಕ್ಕಿಗಳು ಎಲ್ಲಿ, ಯಾವಾಗ ನಿಲ್ಲುತ್ತವೆಂದು ಬರೀ ನೋಡಿ. ಮುರ್ಗಾಂವ್ ಬಂದರಿನ ಭರತ-ಇಳಿತದ ಪಟ್ಟಿ ಜೊತೆಗಿರಲಿ; ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ.

ಇನ್ನು ಮಾತುಕತೆ. ಕೆಡುವುದು ಇಲ್ಲಿಯೇ. ಒಂದು ತಂಡ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯ ಪ್ರತಿ, ಕ್ಯಾಮೆರಾ, ಐದಾರು ಜನರೊಂದಿಗೆ ಹೋಗಿತ್ತು. ಭಾಟ್ಕಾರರು ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. ಅವರ ಭಯ ಸಣ್ಣದಲ್ಲ: ಇಂದು ಹಕ್ಕಿಗಾಗಿ ದಾರಿಗೆ ಹಗ್ಗ ಕಟ್ಟಿದರೆ ನಾಳೆ ಜಮೀನೇ ಕೈತಪ್ಪೀತು ಎನ್ನುವುದು. ಅದಕ್ಕೆ ಉತ್ತರವಿಲ್ಲದೆ ಹೋಗಬೇಡಿ. ಒಬ್ಬರು ಅಥವಾ ಇಬ್ಬರೇ ಹೋಗಿ, ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟು. ಕೊಂಕಣಿ ಮುರುಕಲಾದರೂ ಕೊಂಕಣಿಯಲ್ಲೇ ಶುರು ಮಾಡಿ, ಗೌರವದಿಂದ ‘ಬಾಬ್’ ಎಂದು ಕರೆಯಿರಿ. ಮೊದಲ ದಿನ ಏನನ್ನೂ ಕೇಳಬೇಡಿ. ಬೈನಾಕ್ಯುಲರ್ ಕೊಟ್ಟು ಭರತದ ಹೊತ್ತಿಗೆ ಅವರನ್ನೇ ಮರಳಿಗೆ ಕರೆದೊಯ್ಯಿರಿ.

ಕಳೆದ ಬಾರಿ ನಾನು ಕರೆದೊಯ್ದ ಹಿರಿಯರು ಒಂದೇ ಪ್ಲೋವರನ್ನು ಬಹಳ ಹೊತ್ತು ನೋಡಿದರು. ಮುಷ್ಟಿಯಷ್ಟು ಹಕ್ಕಿ, ಒಂಟಿಕಾಲಲ್ಲಿ, ಕೊಕ್ಕು ಬೆನ್ನಿನ ಗರಿಯಲ್ಲಿ ಹುದುಗಿಸಿ, ಕಣ್ಣು ಮುಚ್ಚಿ ತೆರೆಯುತ್ತಿತ್ತು. ನಾಯಿಯೊಂದು ಬಂತು, ತಲೆಗಳೆಲ್ಲ ಒಮ್ಮೆಲೇ ಎದ್ದವು, ಮರುಕ್ಷಣ ಮರಳು ಖಾಲಿ. ಲಡಾಖ್, ಟಿಬೆಟ್‌ನ ಎತ್ತರದಲ್ಲಿ ಮರಿ ಮಾಡುವ ಹಕ್ಕಿ ಇದು, ಮರಳುವ ಪಯಣಕ್ಕೆ ಇಲ್ಲಿಯೇ ಕೊಬ್ಬು ಕೂಡಿಸಬೇಕು, ಪ್ರತಿ ಸಲ ಎದ್ದು ಹಾರಿದಾಗಲೂ ಅದು ಕರಗುತ್ತದೆ ಎಂದೆ. “ಆ ನಾಯಿ ನಮ್ಮದೇ” ಎಂದರು ಅವರು.

ಕೇಳುವುದಾದರೆ ಚಿಕ್ಕದನ್ನೇ ಕೇಳಿ: ನವೆಂಬರ್‌ನಿಂದ ಮಾರ್ಚ್‌ವರೆಗೆ, ಹಗಲಿನ ಭರತದ ಸುತ್ತ ಮೂರು ಗಂಟೆ, ಒಂದು ಕಾಲುದಾರಿಗೆ ಹಗ್ಗ, ಆಗ ನಾಯಿ ಕಟ್ಟಿರಲಿ. ಇನ್ನೊಂದು ದಾರಿ ತೆರೆದೇ ಇರಬೇಕು, ಇಲ್ಲದಿದ್ದರೆ ಶ್ಯಾಕ್‌ನವರು, ಅಂದರೆ ಕಡಲತೀರದ ತಾತ್ಕಾಲಿಕ ಹೋಟೆಲಿನವರು, ಜಗಳಕ್ಕೆ ಬರುತ್ತಾರೆ. ಮೀನುಗಾರರನ್ನು ಎಂದೂ ತಡೆಯಬೇಡಿ. ಇದು ಒಂದು ಋತುವಿನ ಒಪ್ಪಂದ, ಜಮೀನಿನ ಮೇಲೆ ಯಾರಿಗೂ ಹಕ್ಕು ಬರುವುದಿಲ್ಲ, ಬೇಡವೆಂದ ದಿನ ಹಗ್ಗ ಬಿಚ್ಚುತ್ತೇವೆ ಎಂದು ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ಆ ಹಾಳೆಯಿಲ್ಲದೆ ನಾನು ಕೆಲಸ ಶುರು ಮಾಡುವುದಿಲ್ಲ.

ಹಗ್ಗ ತೆಂಗಿನ ನಾರಿನದೇ ಆಗಲಿ, ಗೂಟ ಗಾಳಿಮರದ್ದು. ಕೆಂಪು-ಬಿಳಿ ಪ್ಲಾಸ್ಟಿಕ್ ಪಟ್ಟಿ ಅಗ್ಗವೆಂದು ತರಬೇಡಿ, ಗಾಳಿಗೆ ಹರಿದು ಸಮುದ್ರ ಸೇರುತ್ತದೆ. ಹಳೆಯ ನೈಲಾನ್ ಬಲೆಯಂತೂ ಹಕ್ಕಿಯ ಕಾಲಿಗೇ ಉರುಳು. ನೆರೆದ ಹಕ್ಕಿಗಳಿಂದ ನಾನು ನೂರು ಹೆಜ್ಜೆ ಬಿಡುತ್ತೇನೆ. ಅಷ್ಟು ದೂರದಲ್ಲೂ ತಲೆ ಎತ್ತಿದರೆ ಇನ್ನೂ ಹಿಂದೆ ಸರಿಯಿರಿ. ಫಲಕದಲ್ಲಿ ಕೊಂಕಣಿ, ಇಂಗ್ಲಿಷ್, ರಷ್ಯನ್ ಜೊತೆಗೆ ಕನ್ನಡವೂ ಇರಲಿ: ಬೆಳಗಾವಿ, ಹುಬ್ಬಳ್ಳಿಯ ಕಾರುಗಳು ವಾರಾಂತ್ಯಕ್ಕೆ ಸಾಲುಗಟ್ಟಿ ಬರುತ್ತವೆ. ಗೋವೆಯ ಕಡಲತೀರದಲ್ಲಿ ವಾಹನ ಓಡಿಸುವುದು ನಿಷಿದ್ಧವೆಂಬುದನ್ನೂ ಅದರಲ್ಲೇ ಬರೆಯಿರಿ. ಶ್ಯಾಕ್‌ನಲ್ಲಿ ದುಡಿಯುವ ನಮ್ಮ ಹುಡುಗರಿಗೆ ವಿಷಯ ಹೇಳಿಡಿ. ಯಾವ ಫಲಕಕ್ಕಿಂತಲೂ “ಅಣ್ಣಾ, ಸ್ವಲ್ಪ ಆ ಕಡೆಯಿಂದ ಹೋಗಿ” ಎಂಬ ಅವರ ಮಾತು ಹೆಚ್ಚು ನಡೆಯುತ್ತದೆ.

ತಿಂಗಳಿಗೊಮ್ಮೆ ಹಕ್ಕಿ ಎಣಿಸಿ ಭಾಟ್ಕಾರರಿಗೆ ತಪ್ಪದೆ ತಿಳಿಸಿ, ಸಂಖ್ಯೆ ಇಳಿದಿದ್ದರೂ. ಏಪ್ರಿಲ್‌ನಲ್ಲಿ ಹಗ್ಗ, ಗೂಟ ಕಿತ್ತು ದಾರಿ ಗುಡಿಸಿ ಕೊಡಿ. ಮಳೆಗಾಲ ಮುಗಿದ ಮೇಲೆ, ಹೊಸ ಹಾಳೆಯೊಂದಿಗೆ ಮತ್ತೆ ಅದೇ ಮನೆಗೆ ಹೋಗಿ.