ಪೈಲಟ್ ಆಗಬೇಕೆ? ಫೀಸಿಗಿಂತ ಮೊದಲು ಮೆಡಿಕಲ್

ಮಕ್ಕಳನ್ನು ಪೈಲಟ್ ತರಬೇತಿಗೆ ಸೇರಿಸುವ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುವುದನ್ನು ಕಂಡಿದ್ದೇನೆ. ಪಿಯುಸಿ ಫಲಿತಾಂಶ ಬಂದ ವಾರವೇ ಯಾವುದೋ ಶಿಕ್ಷಣ ಮೇಳದಲ್ಲಿ ಮುಂಗಡ ಕಟ್ಟುತ್ತಾರೆ, ತೋಟದ ಪತ್ರ ಬ್ಯಾಂಕಿಗೆ ಹೋಗುತ್ತದೆ, ವೈದ್ಯಕೀಯ ಪರೀಕ್ಷೆಯ ಮಾತು ಬರುವುದು ಕೊನೆಗೆ. ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಕೈಗೆ ಬರುವಷ್ಟರಲ್ಲಿ ಖರ್ಚು ಅರ್ಧ ಕೋಟಿ ರೂಪಾಯಿಯ ಆಸುಪಾಸು ಮುಟ್ಟುತ್ತದೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗಟ್ಟಿಮಾಡಿಕೊಳ್ಳಿ.

ಅರ್ಹತೆಯದು ದೊಡ್ಡ ತಲೆನೋವಲ್ಲ. ಪಿಯುಸಿಯಲ್ಲಿ ಭೌತವಿಜ್ಞಾನ, ಗಣಿತ ಇರಬೇಕು. ಕಾಮರ್ಸ್ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಆ ಎರಡನ್ನು ಬರೆದುಕೊಳ್ಳಬಹುದು. ಸಿಪಿಎಲ್ ಪಡೆಯಲು 18 ವರ್ಷ ತುಂಬಿರಬೇಕು.

ಮೊದಲು ಮೆಡಿಕಲ್

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ವೈದ್ಯರ ಬಳಿ ಮೊದಲು ಆರಂಭಿಕ ಹಂತದ ಕ್ಲಾಸ್ 2, ನಂತರ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ. ಕ್ಲಾಸ್ 1 ಪರೀಕ್ಷೆ ನಡೆಯುವ ಕೇಂದ್ರಗಳಲ್ಲಿ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಕ್ಲಾಸ್ 1 ಕೈಗೆ ಬರುವವರೆಗೆ ಒಂದು ರೂಪಾಯಿ ಫೀಸನ್ನೂ ಕಟ್ಟಬೇಡಿ.

ಕನ್ನಡಕ ಇದ್ದರೆ ಹೆದರಬೇಕಾಗಿಲ್ಲ, ಕನ್ನಡಕದೊಂದಿಗೆ 6/6 ಕಂಡರೆ ಸಾಕು. ರಕ್ತಹೀನತೆ, ತೂಕದಂಥ ಕಾರಣಕ್ಕೆ ತಾತ್ಕಾಲಿಕವಾಗಿ ಅನರ್ಹ ಎಂದರೆ ಸರಿಪಡಿಸಿಕೊಂಡು ಮತ್ತೆ ಹೋಗಬಹುದು. ಬಣ್ಣದ ದೃಷ್ಟಿಯ ವಿಷಯ ಮಾತ್ರ ಬೇರೆ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರ ಪರೀಕ್ಷೆಯನ್ನು ಊರಿನ ಕಣ್ಣಿನ ವೈದ್ಯರ ಹತ್ತಿರವೇ ಮೊದಲು ಮಾಡಿಸಿ. ಬಣ್ಣಗುರುಡು ಸರಿಪಡಿಸುತ್ತವೆ ಎಂದು ಆನ್‌ಲೈನಿನಲ್ಲಿ ಮಾರುವ ಬಣ್ಣದ ಕನ್ನಡಕ, ಲೆನ್ಸ್‌ಗಳಿಗೆ ದುಡ್ಡು ಸುರಿಯಬೇಡಿ. ಅವು ದೋಷವನ್ನು ಗುಣಪಡಿಸುವುದಿಲ್ಲ, ಈ ಪರೀಕ್ಷೆಯಲ್ಲಿ ಅವು ನಡೆಯುವುದೂ ಇಲ್ಲ.

ಮುಂದಿನದು ಡಿಜಿಸಿಎ ಕಂಪ್ಯೂಟರ್ ನಂಬರ್, ಅಂದರೆ ಲಿಖಿತ ಪರೀಕ್ಷೆ ಬರೆಯಲು ಬೇಕಾದ ನೋಂದಣಿ ಸಂಖ್ಯೆ. ನಮ್ಮ ಕಡೆಯ ಮಕ್ಕಳು ಇಲ್ಲಿ ಎಡವುವುದು ಇನಿಷಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ.ಎನ್.’, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು! ಮೂರನ್ನೂ ಮೊದಲೇ ಒಂದೇ ರೀತಿ ಮಾಡಿಸಿ.

ಲಿಖಿತ ಪರೀಕ್ಷೆಗಳು ನ್ಯಾವಿಗೇಷನ್ (ದಾರಿ ಲೆಕ್ಕ ಹಾಕುವುದು), ಹವಾಮಾನ, ಏರ್ ರೆಗ್ಯುಲೇಷನ್ಸ್ (ಹಾರಾಟದ ನಿಯಮಗಳು) ಮತ್ತು ಟೆಕ್ನಿಕಲ್ ವಿಷಯಗಳ ಮೇಲೆ. ಪಾಸಾಗಲು ಶೇ. 70 ಅಂಕ ಬೇಕು. ಹಾರಾಟ ಶುರುವಾಗುವ ಮೊದಲೇ ಇವನ್ನು ಮುಗಿಸಿಕೊಳ್ಳಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಟೆಲಿಗ್ರಾಂನಲ್ಲಿ ಮಾರುವ ಪ್ರಶ್ನೆ-ಉತ್ತರದ ಪಿಡಿಎಫ್ ಬಾಯಿಪಾಠ ಮಾಡಿ ಪಾಸಾದವರು ಮೌಖಿಕ ಪರೀಕ್ಷೆಯಲ್ಲಿ ತಡವರಿಸುತ್ತಾರೆ. ಒಂದು ಡಿಗ್ರಿ ದಾರಿ ತಪ್ಪಿದರೆ 60 ನಾಟಿಕಲ್ ಮೈಲಿ ಹೋಗುವಷ್ಟರಲ್ಲಿ ಸುಮಾರು ಒಂದು ನಾಟಿಕಲ್ ಮೈಲಿ ಆಚೆ ಇರುತ್ತೀರಿ ಎಂಬುದನ್ನು ಕಾಗದದ ಮೇಲೆ ಗೆರೆ ಎಳೆದು ಅರ್ಥ ಮಾಡಿಕೊಂಡವರು ಅದನ್ನು ಮರೆಯುವುದಿಲ್ಲ. ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಅಂಜಿ ಹಿಂದೆ ಸರಿಯಬೇಡಿ. ರೇಡಿಯೊ ಭಾಷೆಯ ಬಹುಪಾಲು ಗೊತ್ತುಪಡಿಸಿದ ಪದಗಳೇ. ದಿನವೂ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದರೆ ನಾಲಿಗೆಗೆ ಬರುತ್ತದೆ.

ಶಾಲೆ ಆರಿಸುವಾಗ

ಹೆಚ್ಚಿನವರು ಹಣ ಕಳೆದುಕೊಳ್ಳುವುದು ಇಲ್ಲೇ. ‘ನಿಮ್ಮಲ್ಲಿ ಎಷ್ಟು ವಿಮಾನಗಳಿವೆ?’ ಎಂದು ಕೇಳಿ ಬಂದುಬಿಡುತ್ತಾರೆ. ಕೇಳಬೇಕಾದ್ದು ‘ಇವತ್ತು ಎಷ್ಟು ಹಾರಿದವು?’ ಎಂದು. ಹ್ಯಾಂಗರ್ ಒಳಗೆ ಹೋಗಿ ನೋಡಿ. ಎಂಜಿನ್ ಮೇಲಿನ ಮುಚ್ಚಳ ತೆಗೆದು, ಪ್ರೊಪೆಲ್ಲರ್ ಇಲ್ಲದೆ, ಚಕ್ರದಲ್ಲಿ ಗಾಳಿಯಿಲ್ಲದೆ ಧೂಳು ಹಿಡಿದ ಸೆಸ್ನಾ (ತರಬೇತಿಯ ಸಣ್ಣ ವಿಮಾನ) ಮೂಲೆಯಲ್ಲಿ ನಿಂತಿದ್ದರೆ ಅದನ್ನು ಲೆಕ್ಕದಿಂದ ತೆಗೆಯಿರಿ.

ಇನ್ನು ಲೆಕ್ಕ ಹಾಕಿ. ನಾಲ್ಕು ವಿಮಾನ ನಿಜಕ್ಕೂ ಹಾರುತ್ತಿವೆ, ಒಂದೊಂದು ತಿಂಗಳಿಗೆ 60 ಗಂಟೆ ಹಾರುತ್ತದೆ ಎಂದುಕೊಳ್ಳೋಣ. ಒಟ್ಟು 240 ಗಂಟೆ. ವಿದ್ಯಾರ್ಥಿಗಳು 80 ಜನ ಇದ್ದರೆ ಒಬ್ಬರಿಗೆ ಸಿಗುವುದು ತಿಂಗಳಿಗೆ ಮೂರೇ ಗಂಟೆ. ಸಿಪಿಎಲ್‌ಗೆ ಬೇಕಾದ 200 ಗಂಟೆ ಮುಗಿಯಲು ಐದೂವರೆ ವರ್ಷ! ಬ್ರೋಷರ್‌ನಲ್ಲಿ ಮಾತ್ರ ‘ಕೆಲವೇ ತಿಂಗಳಲ್ಲಿ’ ಎಂದಿರುತ್ತದೆ.

ಕಚೇರಿಯಲ್ಲಿ ಮಾತು ಮುಗಿದ ಮೇಲೆ ಕ್ಯಾಂಟೀನಿಗೆ ಹೋಗಿ, ಹಳೆಯ ವಿದ್ಯಾರ್ಥಿಯೊಬ್ಬರ ಲಾಗ್‌ಬುಕ್ (ಹಾರಿದ ಗಂಟೆಗಳ ದಾಖಲೆ ಪುಸ್ತಕ) ನೋಡಲು ಕೇಳಿ. ಒಟ್ಟು ಗಂಟೆಗಿಂತ ಎರಡು ಹಾರಾಟಗಳ ನಡುವಿನ ದಿನಾಂಕಗಳನ್ನು ಗಮನಿಸಿ. ಲ್ಯಾಂಡಿಂಗ್‌ನಲ್ಲಿ ನೆಲ ಹತ್ತಿರವಾದಾಗ ವಿಮಾನದ ಮೂಗನ್ನು ಎಷ್ಟು, ಯಾವಾಗ ಎತ್ತಬೇಕು ಎನ್ನುವ ಅಂದಾಜು ಕಣ್ಣಿಗೆ, ಕೈಗೆ ಕೂರುವುದು ಬಿಡದೆ ಹಾರಿದಾಗ ಮಾತ್ರ. ಮೂರು ವಾರ ಬಿಟ್ಟು ಹತ್ತಿದರೆ ಮರೆತದ್ದನ್ನು ನೆನಪಿಸಿಕೊಳ್ಳುವುದರಲ್ಲೇ ಆ ಗಂಟೆ ಮುಗಿಯುತ್ತದೆ. ಅದರ ಹಣವೂ ನಿಮ್ಮದೇ.

ರಾತ್ರಿ ಹಾರಾಟದ ಸೌಲಭ್ಯ ಅಲ್ಲೇ ಇದೆಯೇ, ಮಳೆಗಾಲದಲ್ಲಿ ಎಷ್ಟು ದಿನ ಹಾರಾಟ ನಿಲ್ಲುತ್ತದೆ, ಇಂಧನ, ಲ್ಯಾಂಡಿಂಗ್ ಶುಲ್ಕ ಮತ್ತು ಹಾಸ್ಟೆಲ್ ಫೀಸಿನೊಳಗೇ ಬರುತ್ತವೆಯೇ ಎಂದು ಬರಹದಲ್ಲಿ ಪಡೆಯಿರಿ. ಪೂರ್ತಿ ಹಣ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಎಂಬ ಆಮಿಷಕ್ಕೆ ಒಪ್ಪಲೇಬೇಡಿ. ಹಾರಿದ ಗಂಟೆಗೆ ತಕ್ಕಂತೆ ಕಂತು ಕಟ್ಟಿಸಿಕೊಳ್ಳುವ ಶಾಲೆ ಸ್ವಲ್ಪ ದುಬಾರಿಯಾದರೂ ಅದೇ ಒಳ್ಳೆಯದು. ಡಿಜಿಸಿಎ 2025ರಿಂದ ಶಾಲೆಗಳಿಗೆ ಶ್ರೇಣಿ ಕೊಡುತ್ತಿದೆ, ಅದನ್ನೂ ನೋಡಿ.

200 ಗಂಟೆಗಳಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ ಹಾರಿರಬೇಕು. ಹಾರದ ಗಂಟೆಯನ್ನು ಲಾಗ್‌ಬುಕ್‌ಗೆ ಬರೆದುಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಜಾಗದಿಂದ ಎದ್ದು ಬನ್ನಿ. ಸುಳ್ಳು ದಾಖಲೆ ಜೈಲಿಗೂ ಕರೆದೊಯ್ಯಬಹುದು: 2011ರಲ್ಲಿ ನಕಲಿ ಅಂಕಪಟ್ಟಿಯಿಂದ ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳು ಬಂಧನಕ್ಕೊಳಗಾಗಿದ್ದರು. ಹಾರದೆ ಬರೆದುಕೊಂಡರೆ, ಹಿಂದೆ ಕುಳಿತ ಪ್ರಯಾಣಿಕರ ಜೀವ ಆ ಸುಳ್ಳು ಗಂಟೆಗಳ ಮೇಲೆ ನಿಂತಿರುತ್ತದೆ.

ಏರ್‌ಲೈನ್ ಸೇರಲು ಮಲ್ಟಿ ಎಂಜಿನ್ (ಒಂದಕ್ಕಿಂತ ಹೆಚ್ಚು ಎಂಜಿನ್‌ನ ವಿಮಾನ ಹಾರಿಸುವ), ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನಷ್ಟೇ ನೋಡಿ ಹಾರಿಸುವ) ರೇಟಿಂಗ್, ಅಂದರೆ ಹೆಚ್ಚುವರಿ ಅನುಮತಿ ಬೇಕು, ಎರಡನ್ನೂ ಸಿಪಿಎಲ್ ಜೊತೆಗೇ ಮುಗಿಸಿ. ಏರ್‌ಬಸ್ 320ರಂಥ ನಿರ್ದಿಷ್ಟ ವಿಮಾನದ ಟೈಪ್ ರೇಟಿಂಗ್‌ಗೆ ಮತ್ತೆ ಲಕ್ಷಗಟ್ಟಲೆ ಬೇಕು. ಕೆಲಸದ ಕರೆ ಬರುವ ಮುನ್ನ ಅದನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಳ್ಳಬೇಡಿ: ನೀವು ಕಲಿತ ವಿಮಾನ ಆ ಕಂಪನಿಯಲ್ಲಿ ಇಲ್ಲದೆ ಹೋಗಬಹುದು, ಕೆಲಸ ತಡವಾದರೆ ಸಿಮ್ಯುಲೇಟರ್‌ಗೆ ಮತ್ತೆ ಹಣ ಕಟ್ಟಬೇಕಾಗುತ್ತದೆ. ಕಾಯುವ ತಿಂಗಳುಗಳಲ್ಲಿ ಕ್ಲಾಸ್ 1 ಮೆಡಿಕಲ್ ನವೀಕರಣದ ದಿನಾಂಕವನ್ನಂತೂ ತಪ್ಪಿಸಬೇಡಿ.