ಹಡಗಿನ ಬಾರಿನಲ್ಲಿ ನಿಮ್ಮ ಗ್ಲಾಸು ಎಷ್ಟು ಸ್ಟ್ರಾಂಗ್? ಹೀಗೆ ನೋಡಿ

ನಮ್ಮ ತೀರ್ಥಹಳ್ಳಿ, ಸಾಗರದ ಕಡೆಯಿಂದಲೂ ಈಗ ಜನ ಕ್ರೂಸ್‌ಗೆ ಹೊರಡುತ್ತಾರೆ. ನಾನು ಹಡಗಿನ ಬಾರಿನಲ್ಲಿ ದುಡಿದು ಬಂದವನು ಅಂತ ಗೊತ್ತಾದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲಿ ಡ್ರಿಂಕ್ಸ್ ಬರೀ ನೀರಂತೆ, ಹೌದಾ?"

ಮೊದಲು ಅಳತೆ ನೋಡಿ. ಶಿವಮೊಗ್ಗದಲ್ಲಿ ಸಣ್ಣ ಪೆಗ್ ಅಂದ್ರೆ 30 ಮಿ.ಲೀ., ನಮ್ಮ ವಿಸ್ಕಿ, ರಮ್‌ನಲ್ಲಿ ಆಲ್ಕೋಹಾಲ್ 42.8%. ಅಮೆರಿಕನ್ ಅಳತೆ ಬಳಸುವ ಹಡಗಿನಲ್ಲಿ ಒಂದು ಶಾಟ್, ಅಂದ್ರೆ ಅವರ ಪೆಗ್, ಸಾಮಾನ್ಯವಾಗಿ ಒಂದೂವರೆ ಔನ್ಸ್, ಅಂದ್ರೆ ಸುಮಾರು 44 ಮಿ.ಲೀ., ಬಾಟಲಿ 40%. ಲೆಕ್ಕ ಹಾಕಿದರೆ ನಮ್ಮ ಪೆಗ್‌ನಲ್ಲಿ ಆಲ್ಕೋಹಾಲ್ ಸುಮಾರು 13 ಮಿ.ಲೀ., ಆ ಶಾಟ್‌ನಲ್ಲಿ ಸುಮಾರು 18. ಜಾಸ್ತಿಯೇ ಅಲ್ವಾ? ಅಮೆರಿಕದ ಬಾಟಲಿ ಮೇಲೆ 'ಪ್ರೂಫ್' ಅಂತಿದ್ದರೆ ಅರ್ಧ ಮಾಡಿ: 80 ಪ್ರೂಫ್ ಅಂದ್ರೆ 40%, 151 ಪ್ರೂಫ್ ರಮ್ 75.5%. ಅದರ ಹತ್ತಿರ ಸುಮ್ನೆ ಹೋಗಬೇಡಿ.

ನೀರು ಅನ್ನಿಸುವುದು ಐಸ್‌ನಿಂದ. ಗ್ಲಾಸಿನ ಕಂಠದವರೆಗೆ ಐಸ್, ಅದರ ಮೇಲೆ ಜಿಗ್ಗರ್‌ನಲ್ಲಿ (ಮದ್ಯ ಅಳೆಯುವ ಪುಟ್ಟ ಕಪ್) ಅಳೆದ ಮದ್ಯ, ಆಮೇಲೆ ಜ್ಯೂಸ್. ಬಿಸಿಲಿಗೆ ಹತ್ತು ನಿಮಿಷ ಇಟ್ಟರೆ ರುಚಿಯೇ ಹೋಗುತ್ತದೆ. ಅನುಮಾನ ಇದ್ದರೆ ಕೌಂಟರ್ ಮುಂದೆ ನಿಂತು, ಮದ್ಯ ಮತ್ತು ಅದಕ್ಕೆ ಬೆರೆಸುವ ಜ್ಯೂಸ್, ಸೋಡಾ ಬೇರೆ ಬೇರೆ ಕೇಳಿ. ನೀವೇ ಬೆರೆಸಿಕೊಳ್ಳಿ.

ನನಗೆ ನಿಜವಾದ ಭಯ ಸಿಹಿ ಕಾಕ್‌ಟೇಲ್‌ಗಳದ್ದು. ಲಾಂಗ್ ಐಲ್ಯಾಂಡ್ ಐಸ್ಡ್ ಟೀಯಲ್ಲಿ ವೋಡ್ಕಾ, ಜಿನ್, ರಮ್, ಟಕೀಲಾ, ಟ್ರಿಪಲ್ ಸೆಕ್ (ಕಿತ್ತಳೆ ರುಚಿಯ ಸಿಹಿ ಮದ್ಯ), ಐದೂ ಇರುತ್ತವೆ. ಟೀ ಇರಲ್ಲ! ಅದನ್ನು ಒಂದು ಡ್ರಿಂಕ್ ಅಂತ ಎಣಿಸಬೇಡಿ. ಮತ್ತೆ, ವಾಂತಿ ಬಾರದಿರಲಿ ಅಂತ ಮಾತ್ರೆ ನುಂಗಿದ ದಿನ ಕುಡಿಯಲೇಬೇಡಿ, ಮಂಪರು ಇನ್ನೂ ಜಾಸ್ತಿಯಾಗುತ್ತದೆ.