ಶೆಟ್ಟಿಹಳ್ಳಿ ಚರ್ಚ್: ಒಂದೇ ಚೌಕಟ್ಟಿಗಾಗಿ ಹದಿನಾಲ್ಕು ಸಲ

ಎರಡು ಮಳೆಗಾಲ, ಎರಡು ಬೇಸಿಗೆ, ಮೈಸೂರಿನಿಂದ ಬೈಕಿನಲ್ಲಿ ಹದಿನಾಲ್ಕು ಸಲ ಓಡಾಟ. ಕೊನೆಗೂ ಕೂಡಿತು. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚಿನ ಚಿತ್ರವನ್ನು ಬೇಸಿಗೆಯ ಚಿತ್ರದ ಮೇಲೆ ಇಟ್ಟರೆ ಈಗ ಕಮಾನಿಗೆ ಕಮಾನು ಸರಿಯಾಗಿ ಕೂರುತ್ತದೆ. "ತೆಪ್ಪದಿಂದ ತೆಗೆದದ್ದಕ್ಕೂ ನೆಲದಿಂದ ತೆಗೆದದ್ದಕ್ಕೂ ತಾಳೆ ಆಗುತ್ತೇನ್ರೀ? ಸುಮ್ಮನೆ ಡ್ರೋನ್ ತಗೊಳ್ಳಿ" ಅಂದಿದ್ದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು, ಹೇಮಾವತಿಗೆ ಗೊರೂರು ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಗಿದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೊದಲ ಸಲ ಏಪ್ರಿಲ್‌ನಲ್ಲಿ ಒಳಗೆ ನಿಂತಾಗ, ನನ್ನ ತಲೆಗಿಂತ ಎಷ್ಟೋ ಮೇಲೆ ಗೋಡೆಯುದ್ದಕ್ಕೂ ಒಂದು ಕಂದು ಗೆರೆ ಕಂಡಿತು. ಹೋದ ವರ್ಷದ ನೀರು ಬಿಟ್ಟುಹೋದ ಗೆರೆ. ಕಾಲಡಿ ಬಿರುಕುಬಿಟ್ಟ ಕೆಸರು, ಅದರೊಳಗೆ ಬಿಳಿಚಿದ ಬಸವನಹುಳದ ಚಿಪ್ಪುಗಳು. ನಿಂತಿರುವುದು ಕೆರೆಯ ತಳದಲ್ಲಿ, ನೋಡುತ್ತಿರುವುದು ದೇವರ ಮನೆಯ ಕಮಾನು. ಮೈ ಜುಮ್ಮೆಂದಿತು. ಉಕ್ರೇನಿನ ಪಾಳುಬಿದ್ದ ಪಟ್ಟಣ ಪ್ರಿಪ್ಯಾತ್‌ನ ಜಯಂಟ್ ವೀಲ್ ಚಿತ್ರಗಳನ್ನು ನಾನೂ ಗಂಟೆಗಟ್ಟಲೆ ನೋಡಿದ್ದೇನೆ. 1986ರ ಮೇ 1ಕ್ಕೆ ತೆರೆಯಬೇಕಿದ್ದ ಪಾರ್ಕು, ಏಪ್ರಿಲ್ 26ಕ್ಕೆ ಪಕ್ಕದ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಆದರೆ ಅಲ್ಲಿಂದ ಜನ ಹೋದದ್ದು ಒಂದೇ ಸಲ. ಇಲ್ಲಿ ನೀರು ಪ್ರತಿವರ್ಷ ಬಂದು ಮತ್ತೆ ಖಾಲಿ ಮಾಡಿಸಿ ಹೋಗುತ್ತದೆ. ಆ ಬರುವುದು ಹೋಗುವುದು ಒಂದೇ ಚೌಕಟ್ಟಿನಲ್ಲಿ ಕಾಣಬೇಕು ಅನ್ನುವುದೇ ನನ್ನ ಹಟ.

ಮೊದಲ ವರ್ಷ ಪೂರ್ತಿ ದಂಡ. ನಿಂತ ಜಾಗದಲ್ಲಿ ಕಬ್ಬಿಣದ ಸರಳು ಹೊಡೆದು ಬಂದೆ. ಮಳೆಗಾಲ ಕಳೆದು ಹೋದರೆ ಸರಳೂ ಇಲ್ಲ, ಗುರುತೂ ಇಲ್ಲ, ಎಲ್ಲ ಹೂಳು. ಫೋನಿನ ಜಿಪಿಎಸ್ ನಂಬಿದರೆ ನಾಲ್ಕೈದು ಮೀಟರ್ ಆಚೀಚೆ. ಆಗಸ್ಟ್‌ನಲ್ಲಿ ತೆಪ್ಪ ಗಿರ್ರನೆ ತಿರುಗಿ 50 ಎಂಎಂ ಲೆನ್ಸ್ ನೀರಿಗೆ ಬಿತ್ತು, ಸುಮಾರು ಒಂಬತ್ತು ಸಾವಿರ ಅಲ್ಲೇ ಮುಳುಗಿತು. ತೆಪ್ಪದವರಿಗೆ ಪ್ರತಿ ಸಲ ನಾನೂರು ಐನೂರು, ಪೆಟ್ರೋಲಿಗೆ ಆರುನೂರರ ಮೇಲೆ. "ಅದೇ ಚರ್ಚ್ ಅಲ್ವಾ ಸಾ, ಇನ್ನೂ ಎಷ್ಟ್ ಸಲ ಹೊಡೀತೀರ?" ಎಂದು ತೆಪ್ಪದಣ್ಣ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಸಿಕ್ಕಿದ್ದು ಎರಡು ಸಂಗತಿ. ಒಂದು, ಜಾಗ ಹುಡುಕಲು ನೆಲ ನೋಡಬಾರದು, ಕಟ್ಟಡವನ್ನೇ ನೋಡಬೇಕು. ಹತ್ತಿರದ ಕಿಟಕಿಯ ಅಂಚು ಹಿಂದಿನ ಕಮಾನಿನ ಎಷ್ಟು ಇಟ್ಟಿಗೆ ಮುಚ್ಚುತ್ತದೆ ಎಂದು ಎಣಿಸಿಟ್ಟುಕೊಂಡರೆ, ಒಂದು ಹೆಜ್ಜೆ ತಪ್ಪಿದರೂ ಗೊತ್ತಾಗುತ್ತದೆ. ಇಂಥ ಜೋಡಿ ಎರಡು ಬೇಕು, ಎರಡೂ ಬೇರೆ ಬೇರೆ ದಿಕ್ಕಿನಲ್ಲಿ. ನಾನು ಯಾವ ಕಿಟಕಿ, ಯಾವ ಕಮಾನು ಹಿಡಿದೆ ಅನ್ನುವುದು ನನ್ನಲ್ಲೇ ಇರಲಿ.

ಎರಡನೆಯದು ಎತ್ತರ, ಎಲ್ಲರೂ ಎಡವಿದ್ದು ಇಲ್ಲೇ. ತೆಪ್ಪದಲ್ಲಿ ಕೂತಾಗ ಕ್ಯಾಮೆರಾ ನೀರಿನಿಂದ ಎರಡಡಿ ಮೇಲೆ, ಅಂದರೆ ಬೇಸಿಗೆಯ ನೆಲದಿಂದ ಹನ್ನೆರಡೋ ಹದಿಮೂರೋ ಅಡಿ. ಬೇಸಿಗೆಯಲ್ಲಿ ನೆಲದ ಮೇಲೆ ಟ್ರೈಪಾಡ್ ಇಟ್ಟರೆ ತಾಳೆ ಆಗುವುದಾದರೂ ಹೇಗೆ? ಹಾಗಾಗಿ ಬೇಸಿಗೆಯಲ್ಲಿ ಪೇಂಟರ್‌ಗಳ ಉದ್ದ ಕೋಲಿಗೆ ಕ್ಯಾಮೆರಾ ಕಟ್ಟಿ ಎತ್ತಿದೆ. ಮೊದಲು ನೂರೈವತ್ತು ರೂಪಾಯಿಯ ಬಿದಿರು ಕಟ್ಟಿದ್ದೆ, ಬಳುಕಿ ಕೈಕೊಟ್ಟಿತು. ಕೋಲಿಗೆ ಎರಡು ಸಾವಿರದ ಚಿಲ್ಲರೆ ಆಯಿತು. ಎತ್ತರ ಅಳೆಯಲು ಆ ಕಂದು ಗೆರೆಯೇ ಸಾಕು. ಕ್ಯಾಮೆರಾ ಸರಿಯಾಗಿ ಗೆರೆಯ ಮಟ್ಟಕ್ಕೆ ಬಂದಾಗ ಹತ್ತಿರದ ಕಂಬದ ಗೆರೆಯೂ ದೂರದ ಕಂಬದ ಗೆರೆಯೂ ಕ್ಯಾಮೆರಾಗೆ ಜೋಡಿಸಿದ ಫೋನಿನ ಪರದೆಯಲ್ಲಿ ಒಂದೇ ನೇರಕ್ಕೆ ಬರುತ್ತವೆ. ಅಲ್ಲಿಂದ ಎರಡಡಿ ಮೇಲೆತ್ತಿದರೆ ಆಯಿತು. ಮಳೆಗಾಲದಲ್ಲಿ ಎರಡು ಬೇರೆ ಎತ್ತರದ ಗೆರೆಗಳು ಬಿದ್ದಿದ್ದರೆ ನಿಮ್ಮ ಚಿತ್ರದ ದಿನದ್ದು ಯಾವುದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ, ನಾನೊಮ್ಮೆ ಏಮಾರಿದ್ದೇನೆ. ಬೆಳಗಿನ ಐದೂವರೆಯಿಂದ ಆರೂಕಾಲರೊಳಗೆ ಮುಗಿಸಬೇಕು, ಆಮೇಲೆ ಗಾಳಿಗೆ ಕೋಲು ನಿಲ್ಲುವುದಿಲ್ಲ.

ಯಾವ ದಿನ ಹೋಗಬೇಕು ಎಂದು ಹೇಳುವುದು ದಿನಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಎಷ್ಟು ಅಡಿಗೆ ನೀರು ಬಾಗಿಲು ಮುಟ್ಟುತ್ತದೆ, ಎಷ್ಟಕ್ಕೆ ಕಿಟಕಿ ಅರ್ಧವಾಗುತ್ತದೆ ಎಂದು ನನ್ನ ಡೈರಿಯಲ್ಲಿದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹಿಡಿದರೆ ನಾನು ಬ್ಯಾಗು ಕಟ್ಟಲು ಶುರು ಮಾಡುತ್ತೇನೆ.

ಇದೇ ಉಮೇದಿನಲ್ಲಿ ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್‌ಗೂ ಹೋಗಿದ್ದೆ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತ ಮೇಲೆ ಪಾಳುಬಿದ್ದ ಬಂಗಲೆಗಳು, ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬಗಳು. ಬೆಳದಿಂಗಳಲ್ಲಿ ದಿಬ್ಬಕ್ಕೆ ನಾಲ್ಕು ನಿಮಿಷದ ಎಕ್ಸ್‌ಪೋಷರ್ ಕೊಟ್ಟೆ, ಹಿಮದ ಗುಡ್ಡದ ಹಾಗೆ ಬಂತು. ಚೆಂದ ಇತ್ತು, ಆದರೆ ಅಲ್ಲಿ ಬದಲಾವಣೆ ಬಹಳ ನಿಧಾನ, ನನ್ನ ವಿಧಾನಕ್ಕೆ ಒಗ್ಗುವುದಿಲ್ಲ.

ಈಗ ನನ್ನ ಬಳಿ ಒಂದರ ಮೇಲೊಂದು ಕೂರುವ ಐದು ಚಿತ್ರಗಳಿವೆ. ಮೊನ್ನೆ ಮೊದಲ ಬೇಸಿಗೆಯದನ್ನೂ ಈ ಬೇಸಿಗೆಯದನ್ನೂ ತಿರುವಿ ತಿರುವಿ ನೋಡುತ್ತಿದ್ದೆ. ಎಡಗಡೆಯ ಕಮಾನಿನ ತುದಿಯಲ್ಲಿ ನಾಲ್ಕು ಸಾಲು ಇಟ್ಟಿಗೆ ಹೋಗಿದೆ. ಅಲ್ಲೇ ನಿಂತು ಎಷ್ಟೋ ಸಲ ನೋಡಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಆಗಸ್ಟ್‌ನಲ್ಲಿ ಮೊದಲು ನೋಡುವುದು ಐದನೇ ಸಾಲನ್ನು.